ಆಟದ ಪ್ರಣಯವೂ ಮನಸ್ಸಿನ ನಿಯಮವೂ

ಪೋಲೆಂಡ್ ದೇಶದ ದಕ್ಷಿಣಭಾಗದಲ್ಲಿ ಮೋಷ್ನಾ ಎಂಬ ಗ್ರಾಮವಿದೆ. ಅಲ್ಲಿನ ಅರಮನೆಗೆ ೯೯ ಗೋಪುರಗಳೂ ೩೬೫ ಕೋಣೆಗಳೂ ಇವೆಯೆಂದು ಪ್ರಸಿದ್ಧಿ. ೨೦೧೫ನೆಯ ಇಸವಿಯ ನವೆಂಬರ್ ತಿಂಗಳಿನಲ್ಲಿ ನಾನಾ ದೇಶಗಳ ನೂರಕ್ಕೂ ಮಿಕ್ಕ ಜನರು ಅಲ್ಲಿಗೆ ಬಂದು ಸೇರಿದರು. ಅವರು ಸೌಧವನ್ನು ನೋಡಬಂದ ಪ್ರವಾಸಿಗಳಲ್ಲ; ಪ್ರೇಕ್ಷಕರ ಮುಂದೆ ನಾಟಕವಾಡಬಂದ ನಟರೂ ಅಲ್ಲ. ತಮ್ಮ ಹೆಸರನ್ನೂ ಉದ್ಯೋಗವನ್ನೂ ಕೆಲವು ದಿನ ಬದಿಗಿಟ್ಟು, ಇಪ್ಪತ್ತನೆಯ ಶತಮಾನದ ಆರಂಭಕಾಲದ ಇಂಗ್ಲಿಷ್ ಜಮೀನುದಾರನೊಬ್ಬನ ಬಂಗಲೆಯ ನಿವಾಸಿಗಳಾಗಿ ಬಾಳಬೇಕೆಂದು ಬಂದವರು. ಕೆಲವರು ಪ್ರಭುಗಳೂ ಪ್ರಭುಪತ್ನಿಯರೂ ಆದರು; ಕೆಲವರು ಅತಿಥಿಗಳಾದರು. ಇನ್ನು ಕೆಲವರು ಹಣ ತೆತ್ತು ಬಂದು ಬಟ್ಲರನ, ಅಡುಗೆಯವಳ, ಸೇವಕಿಯರ ಪಾತ್ರಗಳನ್ನು ವಹಿಸಿದರು. ಈ ಆಟದ ಹೆಸರು ‘ಫೇರ್‌ವೆದರ್ ಮ್ಯಾನರ್’. ೨೦೧೦ರಲ್ಲಿ ಆರಂಭವಾದ ‘ಡೌನ್‌ಟನ್ ಆ್ಯಬಿ’ ಎಂಬ ಟೆಲಿವಿಷನ್ ಧಾರಾವಾಹಿಯೇ ಅದಕ್ಕೆ ಪ್ರೇರಣೆ.

ಇಂಥ ಆಟಗಳಿಗೆ ‘ಲಾರ್ಪ್’ ಎಂದು ಹೆಸರು. ಪಾತ್ರವನ್ನು ಧರಿಸಿ, ಅದರಂತೆ ನಡೆದು, ನುಡಿದು, ಬಾಳುವ ಆಟ ಇದು. ನಮ್ಮ ತಾಳಮದ್ದಳೆಯಲ್ಲಿ ಅರ್ಥಧಾರಿಯು ಬರೆದಿಟ್ಟ ಮಾತುಗಳನ್ನು ಒಪ್ಪಿಸುವುದಿಲ್ಲ. ಪಾತ್ರವನ್ನು ಮನಸ್ಸಿಗೆ ತಂದುಕೊಂಡು ಅಲ್ಲಿಯೇ ಮಾತನ್ನು ಹುಟ್ಟಿಸುತ್ತಾನೆ. ಲಾರ್ಪ್ ಆಟಗಾರನೂ ಹಾಗೆಯೇ. ಆದರೆ ಇಲ್ಲಿ ಸಭೆಯಿಲ್ಲ, ಭಾಗವತನಿಲ್ಲ, ಕಥೆಯ ಕೊನೆ ಯಾರಿಗೂ ಗೊತ್ತಿಲ್ಲ. ಆಡುವವರೇ ನೋಡುವವರು. ಬಂಗಲೆಯ ಆಟಗಳಲ್ಲಿ ಸೇವಕರ ಪಾತ್ರ ವಹಿಸಿದವರಿಗೆ ತಟ್ಟೆ ಹೊರುವುದೂ ಚಹಾ ಕೊಡುವುದೂ ಎಷ್ಟು ಸಹಜವೋ, ಕೆಳಗಣ ಮಹಡಿಯ ಓಣಿಯಲ್ಲಿ ಒಬ್ಬರಿಗೊಬ್ಬರು ಗುಟ್ಟಾಗಿ ಒಲಿಯುವುದೂ ಅಷ್ಟೇ ಸಹಜ. ಒಡೆಯರ ಕಣ್ಣು ತಪ್ಪಿಸಿ ಬೆಳೆಯುವ ಈ ಪ್ರಣಯವೇ ಅನೇಕ ವೇಳೆ ಆಟದ ಜೀವಾಳ.

ಆಟ ಮುಗಿಯುತ್ತದೆ, ವೇಷ ಕಳಚುತ್ತದೆ. ಆದರೆ ಆಟದಲ್ಲಿ ಹುಟ್ಟಿದ ಭಾವ ಕೆಲವರಲ್ಲಿ ವೇಷದೊಡನೆ ಕಳಚಿಹೋಗುವುದಿಲ್ಲ. ಪಾತ್ರಕ್ಕೆ ಪಾತ್ರ ಒಲಿದಿತ್ತು. ಈಗ ವ್ಯಕ್ತಿಯ ಮನಸ್ಸು ವ್ಯಕ್ತಿಯ ಕಡೆಗೆ ತಿರುಗುತ್ತದೆ. ಈ ಭಾವ ನಿಜವೋ ಸುಳ್ಳೋ? ನಿಜವಾದರೆ ಅದಕ್ಕೆ ಕಾರಣ ಎದುರಿಗಿದ್ದ ವ್ಯಕ್ತಿಯೋ, ಇಬ್ಬರನ್ನೂ ಆವರಿಸಿದ್ದ ಸನ್ನಿವೇಶವೋ? ಭೌತವಿಜ್ಞಾನವನ್ನು ಬೋಧಿಸುವ ನಮಗೆ ಈ ಪ್ರಶ್ನೆ ಅಪರಿಚಿತವೆನಿಸುವುದಿಲ್ಲ. ವಸ್ತುವಿನ ಚಲನೆಗೆ ವಸ್ತುವಿನ ಗುಣವೆಷ್ಟು ಕಾರಣ, ಅದನ್ನು ಕಟ್ಟಿಹಾಕಿರುವ ಪರಿಸ್ಥಿತಿಯೆಷ್ಟು ಕಾರಣ ಎಂದು ನಾವು ದಿನವೂ ಕೇಳುತ್ತೇವಲ್ಲವೆ?

ಮೊದಲು ಆ ಪರಿಸ್ಥಿತಿಯನ್ನು ನೋಡೋಣ. ಆಟವು ಅನುಕರಿಸುವ ಬಂಗಲೆಗಳು ಕಟ್ಟುಕಥೆಯವಲ್ಲ. ೧೯೧೧ನೆಯ ಇಸವಿಯ ಜನಗಣತಿಯ ಪ್ರಕಾರ ಇಂಗ್ಲೆಂಡು ಮತ್ತು ವೇಲ್ಸ್ ಪ್ರಾಂತಗಳಲ್ಲಿ ಹನ್ನೆರಡು ಲಕ್ಷಕ್ಕೂ ಮಿಕ್ಕ ಹೆಂಗಸರು ಮನೆಗೆಲಸದ ಸೇವೆಯಲ್ಲಿದ್ದರು. ಆ ಕಾಲದಲ್ಲಿ ಅಲ್ಲಿನ ಸ್ತ್ರೀಯರಿಗೆ ಅದಕ್ಕಿಂತ ದೊಡ್ಡ ಉದ್ಯೋಗಕ್ಷೇತ್ರ ಬೇರೊಂದಿರಲಿಲ್ಲ. ಅವರಲ್ಲಿ ಹೆಚ್ಚಿನವರು ಸಣ್ಣ ಮನೆಗಳಲ್ಲಿ ಒಂಟಿಯಾಗಿ ದುಡಿಯುತ್ತಿದ್ದವರು. ದೊಡ್ಡ ಬಂಗಲೆಗಳಲ್ಲಿ ಮಾತ್ರ ಹತ್ತಾರು ಸೇವಕರು ಒಂದೇ ಸೂರಿನಡಿಯಲ್ಲಿ ಉಂಡು, ಮಲಗಿ, ದುಡಿಯುತ್ತಿದ್ದರು. ಅವರಿಗೆ ಬೇರೆ ಮೆಟ್ಟಿಲು, ಬೇರೆ ಬಾಗಿಲು, ಬೇರೆ ಊಟದ ಮನೆ. ಗಂಡಾಳುಗಳ ಮಲಗುವ ಕೋಣೆಗಳೂ ಹೆಣ್ಣಾಳುಗಳ ಕೋಣೆಗಳೂ ಒಂದಕ್ಕೊಂದು ಆದಷ್ಟು ದೂರ. ಹೊರಗಿನ ಗಂಡಸರು ಸೇವಕಿಯನ್ನು ಭೇಟಿಮಾಡಲು ಬರಕೂಡದೆಂಬ ನಿಯಮ ಅನೇಕ ಮನೆಗಳಲ್ಲಿತ್ತು. ಒಟ್ಟಿನಲ್ಲಿ, ಹೊರಗಿನವರನ್ನು ಕಾಣುವಂತಿಲ್ಲ, ಒಳಗಿನವರನ್ನು ಹಗಲೆಲ್ಲ ಕಾಣದಿರುವಂತಿಲ್ಲ, ಕಂಡರೂ ಒಲಿಯುವಂತಿಲ್ಲ.

ಕೆಳಗಣ ಓಣಿಯ ಗೋಡೆಯಲ್ಲಿ ಸಾಲಾಗಿ ತೂಗುತ್ತಿದ್ದ ಗಂಟೆಗಳನ್ನು ವಿದ್ಯಾರ್ಥಿಮಿತ್ರರು ಗಮನಿಸಬೇಕು. ಮೇಲಿನ ಒಂದೊಂದು ಕೋಣೆಗೂ ಒಂದೊಂದು ಗಂಟೆ. ಕೋಣೆಯಲ್ಲಿ ಹಿಡಿಕೆಯನ್ನು ಎಳೆದರೆ ತಂತಿಯು ಗೋಡೆಯೊಳಗೆ ಹಾದುಹೋಗಿ ಕೆಳಗಿನ ಗಂಟೆಯನ್ನು ಬಾರಿಸುತ್ತಿತ್ತು. ಗಂಟೆಯನ್ನು ಸುರುಳಿಯಾಕಾರದ ಉಕ್ಕಿನ ಸ್ಪ್ರಿಂಗಿಗೆ ಕಟ್ಟಿರುತ್ತಿದ್ದರು. ಅದರಿಂದಾಗಿ ಸದ್ದು ನಿಂತ ಮೇಲೂ ಗಂಟೆ ಸ್ವಲ್ಪ ಹೊತ್ತು ನಡುಗುತ್ತಲೇ ಇರುತ್ತಿತ್ತು. ತಡವಾಗಿ ಓಡಿಬಂದ ಸೇವಕನು, ಯಾವ ಗಂಟೆ ಇನ್ನೂ ಅಲುಗುತ್ತಿದೆ ಎಂಬುದನ್ನು ನೋಡಿ, ಕರೆ ಯಾವ ಕೋಣೆಯಿಂದ ಬಂತೆಂದು ತಿಳಿಯುತ್ತಿದ್ದನು. ಎಳೆದ ಕೈ ಹಿಂದಕ್ಕೆ ಹೋದ ಮೇಲೂ ಉಳಿಯುವ, ಕ್ರಮಕ್ರಮವಾಗಿ ಕುಗ್ಗುವ ಈ ಆಂದೋಲನವನ್ನು ನೆನಪಿನಲ್ಲಿಡೋಣ. ಮುಂದೆ ಅದು ನಮಗೆ ಬೇಕಾಗುತ್ತದೆ.

ಇಂಥ ಬಂಗಲೆಗಳ ಪ್ರಣಯಕ್ಕೆ ಚರಿತ್ರೆಯಲ್ಲಿ ಒಂದು ಸೊಗಸಾದ ನಿದರ್ಶನವಿದೆ. ಇಂಗ್ಲೆಂಡಿನ ಸಸೆಕ್ಸ್ ಪ್ರಾಂತದಲ್ಲಿ ಅಪ್‌ಪಾರ್ಕ್ ಎಂಬ ಬಂಗಲೆಯಿದೆ. ಅದರ ಒಡೆಯನಾದ ಸರ್ ಹ್ಯಾರಿ ಫೆದರ್‌ಸ್ಟನ್‌ಹಾ ೧೮೨೫ರಲ್ಲಿ, ತನ್ನ ಎಪ್ಪತ್ತರ ವಯಸ್ಸಿನಲ್ಲಿ, ತನ್ನದೇ ಹಾಲು ಬೆಣ್ಣೆಯ ಮನೆಯಲ್ಲಿ ಕೆಲಸಮಾಡುತ್ತಿದ್ದ ಮೇರಿ ಆ್ಯನ್ ಬುಲಕ್ ಎಂಬ ತರುಣಿಯನ್ನು ವಿವಾಹವಾದನು. ಆತನು ತೀರಿಕೊಂಡ ಮೇಲೆ ಬಂಗಲೆ ಆಕೆಯದಾಯಿತು. ಆಕೆಯ ತಂಗಿ ಫ್ರಾನ್ಸಿಸಳೂ ಅಲ್ಲಿಯೇ ಇದ್ದಳು. ೧೮೫೦ರಲ್ಲಿ ಈ ತಂಗಿಯ ಸೇವಕಿಯಾಗಿ ಸಾರಾ ನೀಲ್ ಎಂಬ ಯುವತಿ ಬಂದಳು. ಮರುವರ್ಷ ಜೋಸೆಫ್ ವೆಲ್ಸ್ ಎಂಬ ತೋಟಗಾರ ಬಂದನು. ಇಬ್ಬರೂ ಅಲ್ಲಿ ಪರಿಚಿತರಾದರು, ೧೮೫೩ರಲ್ಲಿ ಮದುವೆಯಾದರು. ಅವರ ಕಿರಿಯ ಮಗನೇ ‘ಕಾಲಯಂತ್ರ’ದ ಕಥೆಯನ್ನು ಬರೆದ ಎಚ್. ಜಿ. ವೆಲ್ಸ್!

ಕ್ರಿಕೆಟ್ ಪ್ರಿಯರಿಗೆ ಇನ್ನೊಂದು ಮಾತು. ಈ ಜೋಸೆಫ್ ವೆಲ್ಸ್ ೧೮೬೨ರಲ್ಲಿ ಕೆಂಟ್ ತಂಡದ ಪರವಾಗಿ ಆಡಿ ನಾಲ್ಕು ಎಸೆತಗಳಿಗೆ ನಾಲ್ಕು ವಿಕೆಟ್ಟುಗಳನ್ನು ಉರುಳಿಸಿದವನು. ಆದರೆ ಸಂಸಾರದ ಆಟ ಅವನಿಗೆ ಅಷ್ಟಾಗಿ ಒಲಿಯಲಿಲ್ಲ. ಬ್ರೊಮ್ಲಿ ಪಟ್ಟಣದಲ್ಲಿ ಅವನಿಟ್ಟ ಪಿಂಗಾಣಿ ಸಾಮಾನಿನ ಅಂಗಡಿ ಏಳಿಗೆಗೆ ಬರಲಿಲ್ಲ. ೧೮೮೦ರಲ್ಲಿ ಸಾರಾ ಮನೆವಾರ್ತೆಯ ಮೇಲ್ವಿಚಾರಕಿಯಾಗಿ ಒಬ್ಬಳೇ ಅಪ್‌ಪಾರ್ಕಿಗೆ ಮರಳಿದಳು. ಗಂಡ ಅಂಗಡಿಯಲ್ಲಿಯೇ ಉಳಿದನು. ಬಂಗಲೆಯ ಆವರಣದಲ್ಲಿ ಹತ್ತಿರವಾಗಿದ್ದವರು ಅದರ ಹೊರಗೆ ದೂರವಾದರು.

ತಾಯಿಯ ಬಳಿಗೆ ಬಂದುಹೋಗುತ್ತಿದ್ದ ಬಾಲಕ ವೆಲ್ಸ್ ಆ ಬಂಗಲೆಯ ಅಟ್ಟದಲ್ಲಿ ಬಿಡಿಬಿಡಿಯಾಗಿ ಬಿದ್ದಿದ್ದ ಹಳೆಯ ದೂರದರ್ಶಕವೊಂದನ್ನು ಜೋಡಿಸಿ ಚಂದ್ರನನ್ನು ನೋಡಿದನು. ಅಪ್‌ಪಾರ್ಕಿನಲ್ಲಿ ಸೇವಕರು ಓಡಾಡಲು ನೆಲದಡಿಯ ಸುರಂಗಗಳಿವೆ. ‘ಕಾಲಯಂತ್ರ’ದಲ್ಲಿ ನೆಲದೊಳಗೆ ದುಡಿಯುವ ಮಾರ್ಲಾಕ್ ಜನರ ಕಲ್ಪನೆಗೆ ಈ ಸುರಂಗಗಳೇ ಮೂಲವೆಂದು ಹೇಳುವುದುಂಟು. ಇದೇ ವೆಲ್ಸ್ ೧೯೧೩ರಲ್ಲಿ ‘ಲಿಟ್ಲ್ ವಾರ್ಸ್’ ಎಂಬ ಪುಸ್ತಕವನ್ನು ಬರೆದು, ಆಟಿಕೆಯ ಸೈನಿಕರಿಂದ ಯುದ್ಧದಾಟವಾಡುವ ನಿಯಮಗಳನ್ನು ಕೊಟ್ಟನು. ಅಂಥ ಯುದ್ಧದಾಟಗಳ ಪರಂಪರೆಯಲ್ಲಿಯೇ ೧೯೭೪ರಲ್ಲಿ ಅಮೆರಿಕದಲ್ಲಿ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಪಾತ್ರಧಾರಣೆಯ ಆಟ ಹುಟ್ಟಿತು. ಮೇಜಿನ ಸುತ್ತ ಕುಳಿತು ಆಡುತ್ತಿದ್ದವರು ಮುಂದೆ ಎದ್ದುನಿಂತು ವೇಷ ತೊಟ್ಟರು. ೧೯೮೨ರಲ್ಲಿ ಇಂಗ್ಲೆಂಡಿನ ಪೆಕ್‌ಫರ್ಟನ್ ಕೋಟೆಯಲ್ಲಿ ‘ಟ್ರೆಷರ್ ಟ್ರ್ಯಾಪ್’ ಎಂಬ ಆಟ ಆರಂಭವಾಯಿತು. ನಾರ್ವೆ, ಸ್ವೀಡನ್, ಡೆನ್ಮಾರ್ಕ್, ಫಿನ್ಲೆಂಡ್ ದೇಶಗಳ ಆಟಗಾರರು ೧೯೯೭ರಿಂದ ಸಮ್ಮೇಳನಗಳನ್ನು ಕೂಡಿಸಿ, ಈ ಆಟಗಳನ್ನು ಕತ್ತಿವರಸೆಯಿಂದ ಮನುಷ್ಯಸಂಬಂಧಗಳ ಕಡೆಗೆ ತಿರುಗಿಸಿದರು. ಹೀಗೆ, ಬಂಗಲೆಯ ಸೇವಕರಿಬ್ಬರ ಮಗನು ನೀರೆರೆದ ಬಳ್ಳಿಯೊಂದು ನೂರು ವರ್ಷಗಳ ತರುವಾಯ ಬಂಗಲೆಯ ಸೇವಕರ ಪ್ರಣಯದಾಟಕ್ಕೆ ಬಂದು ತಲಪಿತು.

ಇರಲಿ, ನಮ್ಮ ಪ್ರಶ್ನೆಗೆ ಬರೋಣ. ಒಲವಿಗೆ ವ್ಯಕ್ತಿ ಕಾರಣವೋ, ಸನ್ನಿವೇಶ ಕಾರಣವೋ? ಮನೋವಿಜ್ಞಾನಿಗಳು ಇದನ್ನು ಅಳೆಯಲು ಯತ್ನಿಸಿದ್ದಾರೆ.

ಮೊದಲನೆಯದು ಸಾಮೀಪ್ಯ. ಜೇಮ್ಸ್ ಬೊಸಾರ್ಡ್ ಎಂಬ ಸಮಾಜವಿಜ್ಞಾನಿ ಫಿಲಡೆಲ್ಫಿಯಾ ನಗರದ ೫,೦೦೦ ಮದುವೆಯ ಪರವಾನಗಿಗಳನ್ನು ಪರಿಶೀಲಿಸಿ ೧೯೩೨ರಲ್ಲಿ ಒಂದು ಲೇಖನವನ್ನು ಪ್ರಕಟಿಸಿದರು. ವಧೂವರರಲ್ಲಿ ಸುಮಾರು ಮೂರನೆಯ ಒಂದು ಪಾಲು ಜೋಡಿಗಳು ಮದುವೆಗೆ ಮುಂಚೆ ಒಬ್ಬರಿಂದೊಬ್ಬರು ಐದು ಬೀದಿಗಳ ಅಂತರದೊಳಗೆ ವಾಸವಾಗಿದ್ದರು. ೧೯೫೦ರಲ್ಲಿ ಫೆಸ್ಟಿಂಜರ್, ಷಾಕ್ಟರ್, ಬ್ಯಾಕ್ ಎಂಬ ಮೂವರು ಅಮೆರಿಕದ ವಿದ್ಯಾರ್ಥಿಕುಟುಂಬಗಳ ವಸತಿಯೊಂದನ್ನು ಪರೀಕ್ಷಿಸಿದರು. ಪಕ್ಕದ ಬಾಗಿಲಿನವರನ್ನು ಆಪ್ತರೆಂದು ಹೆಸರಿಸಿದವರು ನೂರಕ್ಕೆ ೪೧; ಎರಡು ಬಾಗಿಲುಗಳಾಚೆಯವರನ್ನು ಹೆಸರಿಸಿದವರು ನೂರಕ್ಕೆ ೨೨; ಅದೇ ಮಹಡಿಯ ಇನ್ನೊಂದು ಕೊನೆಯವರನ್ನು ಹೆಸರಿಸಿದವರು ನೂರಕ್ಕೆ ೧೦. ಸ್ನೇಹವನ್ನು ನಾವು ಆರಿಸಿಕೊಳ್ಳುತ್ತೇವೆಂದು ಭಾವಿಸುತ್ತೇವೆ; ಆದರೆ ಆಯ್ಕೆಯ ಅರ್ಧ ಕೆಲಸವನ್ನು ಮನೆ ಕಟ್ಟಿದ ಶಿಲ್ಪಿಯೇ ಮುಗಿಸಿರುತ್ತಾನೆ.

ಎರಡನೆಯದು ದೇಹದ ಉದ್ರೇಕ. ಕೆನಡಾದ ವ್ಯಾಂಕೂವರ್ ನಗರದ ಬಳಿ ಕ್ಯಾಪಿಲಾನೊ ಎಂಬ ಕಮರಿಯ ಮೇಲೆ ಸುಮಾರು ೪೫೦ ಅಡಿ ಉದ್ದದ ತೂಗುಸೇತುವೆಯಿದೆ. ಅದರ ಕೆಳಗೆ ೨೩೦ ಅಡಿ ಆಳ. ಡಟನ್ ಮತ್ತು ಆರನ್ ಎಂಬ ಇಬ್ಬರು ೧೯೭೪ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಈ ಸೇತುವೆಯ ಮೇಲೆ ಯುವತಿಯೊಬ್ಬಳು ಯುವಕರಿಗೆ ಕೆಲವು ಪ್ರಶ್ನೆಗಳನ್ನು ಕೇಳಿ, ಹೆಚ್ಚಿನ ವಿವರ ಬೇಕಾದರೆ ಕರೆಯಿರೆಂದು ತನ್ನ ಟೆಲಿಫೋನ್ ಸಂಖ್ಯೆಯನ್ನು ಕೊಟ್ಟಳು. ನೆಲಕ್ಕೆ ಸಮೀಪವಾದ ಇನ್ನೊಂದು ಭದ್ರವಾದ ಸೇತುವೆಯ ಮೇಲೂ ಹಾಗೆಯೇ ಮಾಡಿದರು. ತೂಗುಸೇತುವೆಯಲ್ಲಿ ಸಂಖ್ಯೆ ಪಡೆದ ೧೮ ಮಂದಿಯಲ್ಲಿ ೯ ಮಂದಿ ಕರೆದರು. ಭದ್ರ ಸೇತುವೆಯಲ್ಲಿ ೧೬ ಮಂದಿಯಲ್ಲಿ ಇಬ್ಬರು ಮಾತ್ರ. ಎದೆಬಡಿತವನ್ನು ಹೆಚ್ಚಿಸಿದ್ದು ಆಳದ ಭಯ. ಆದರೆ ಮನಸ್ಸು ಅದರ ಒಂದು ಭಾಗವನ್ನು ಎದುರಿಗಿದ್ದ ಯುವತಿಯ ಲೆಕ್ಕಕ್ಕೆ ಬರೆಯಿತು. ಇದು ಆ ಪ್ರಯೋಗಕಾರರ ವಿವರಣೆ.

ಮೂರನೆಯದು ನೋಟ ಮತ್ತು ಮಾತು. ಅಪರಿಚಿತರಿಬ್ಬರು ಎರಡು ನಿಮಿಷ ಒಬ್ಬರ ಕಣ್ಣನ್ನು ಒಬ್ಬರು ದಿಟ್ಟಿಸಿ ನೋಡಿದರೆ ಪರಸ್ಪರ ಅನುರಾಗ ಹೆಚ್ಚುವುದೆಂದು ೧೯೮೯ರ ಒಂದು ಪ್ರಯೋಗ ತೋರಿಸಿತು. ೧೯೯೭ರಲ್ಲಿ ಆರನ್ ಮತ್ತು ಸಂಗಡಿಗರು ಅಪರಿಚಿತರಿಗೆ ಮೇಲುಮಾತಿನಿಂದ ಮೊದಲಾಗಿ ಅಂತರಂಗದವರೆಗೆ ಹೋಗುವ ೩೬ ಪ್ರಶ್ನೆಗಳನ್ನು ಕೊಟ್ಟು ೪೫ ನಿಮಿಷ ಮಾತನಾಡಿಸಿದರು. ಬರಿಯ ಲೋಕಾಭಿರಾಮವಾಗಿ ಮಾತನಾಡಿದವರಿಗಿಂತ ಇವರಲ್ಲಿ ಆತ್ಮೀಯತೆ ಹೆಚ್ಚು ಬೆಳೆಯಿತು. ಆತ್ಮೀಯತೆ ಬೆಳೆಯಿತೆಂದರೆ ಪ್ರೇಮ ಹುಟ್ಟಿತೆಂದಲ್ಲ, ಅವೆರಡನ್ನೂ ಬೆರೆಸಬಾರದು.

ಇಲ್ಲಿ ಎಚ್ಚರಿಕೆಯ ಒಂದು ಮಾತು ಆವಶ್ಯಕ. ಮನುಷ್ಯರ ಮೇಲಿನ ಪ್ರಯೋಗಗಳಲ್ಲಿ ಲೋಲಕದ ಪ್ರಯೋಗದ ಖಚಿತತೆಯನ್ನು ಬಯಸಲಾಗದು. ಸೇತುವೆಯ ಪ್ರಯೋಗದ ಸಂಖ್ಯೆಗಳು ಚಿಕ್ಕವು. ತೂಗುಸೇತುವೆಯನ್ನು ಹತ್ತುವ ಯುವಕರು ಮೊದಲೇ ಸಾಹಸಪ್ರಿಯರಾಗಿದ್ದು, ಆ ಧೈರ್ಯದಿಂದಲೇ ಕರೆದಿರಬಹುದೆಂದು ಯಾರಾದರೂ ಆಕ್ಷೇಪಿಸಬಹುದು. ಆ ಆಕ್ಷೇಪಕ್ಕೆ ಉತ್ತರವಾಗಿ ಪ್ರಯೋಗಕಾರರು ಅದೇ ತೂಗುಸೇತುವೆಯನ್ನು ದಾಟಿ ದಣಿವಾರಿಸಿಕೊಂಡಿದ್ದವರೊಡನೆ ಹೋಲಿಕೆ ಮಾಡಿದರು. ಆಗಲೂ ಸೇತುವೆಯ ಮೇಲಿದ್ದವರೇ ಹೆಚ್ಚಾಗಿ ಕರೆದರು. ಆದರೂ ಇಂಥ ಫಲಿತಾಂಶಗಳನ್ನು ನಿಯಮವೆನ್ನದೆ ಒಲವು ವಾಲುವ ದಿಕ್ಕೆಂದು ತಿಳಿಯುವುದೇ ಯುಕ್ತ.

ಈಗ ಬಂಗಲೆಯ ಆಟವನ್ನು ಮತ್ತೊಮ್ಮೆ ನೋಡೋಣ. ಪ್ರಯೋಗಗಳಲ್ಲಿ ಒಂದೊಂದಾಗಿ ಬಿಡಿಸಿಟ್ಟ ಅಂಶಗಳೆಲ್ಲವೂ ಅಲ್ಲಿ ಒಟ್ಟಿಗೆ ಕೂಡಿವೆ. ಕಿರಿದಾದ ಓಣಿಯ ಸಾಮೀಪ್ಯವಿದೆ. ಗಂಟೆಯ ಸದ್ದಿಗೆ ಓಡುವ ದಣಿವಿದೆ. ಒಡೆಯನು ಕಂಡುಹಿಡಿದಾನೆಂಬ ಭಯವಿದೆ. ಮಾತನಾಡಲಾಗದೆಡೆಯಲ್ಲಿ ನೋಟವಿದೆ, ರಾತ್ರಿ ಕೆಲಸ ಮುಗಿದ ಮೇಲೆ ಅಂತರಂಗದ ಮಾತಿದೆ. ಮೇಲಾಗಿ, ನಾಚಿಕೆಗೆ ಒಂದು ನೆಪವಿದೆ: ‘ಒಲಿದವನು ನಾನಲ್ಲ, ನನ್ನ ಪಾತ್ರ’. ಮನಸ್ಸು ಇದನ್ನು ಬಲ್ಲದು, ಎದೆಬಡಿತ ಬಲ್ಲದೆ? ವೇಷದೊಳಗಿರುವ ಹೃದಯ ಒಂದೇ. ಆದುದರಿಂದ ಆಟದ ಭಾವ ಸುಳ್ಳೆನ್ನಲು ಬರುವುದಿಲ್ಲ. ಆದರೆ ಅದು ಯಾವುದರಿಂದ ಹುಟ್ಟಿತೆಂಬುದಕ್ಕೆ ಭಾವವೇ ಸಾಕ್ಷಿಯಾಗಲಾರದು.

ಪಾತ್ರದ ಭಾವ ವ್ಯಕ್ತಿಗೂ ವ್ಯಕ್ತಿಯ ಭಾವ ಪಾತ್ರಕ್ಕೂ ಹರಿಯುವುದನ್ನು ಆಟಗಾರರು ‘ಬ್ಲೀಡ್’ ಎನ್ನುತ್ತಾರೆ. ಎಮಿಲಿ ಕೇರ್ ಬಾಸ್ ಎಂಬ ಅಮೆರಿಕದ ಆಟರಚನಕಾರ್ತಿ ೨೦೦೭ರಲ್ಲಿ ಫಿನ್ಲೆಂಡಿನ ಸಮ್ಮೇಳನವೊಂದರಲ್ಲಿ ಈ ಪದವನ್ನು ಮುಂದಿಟ್ಟರು. ಎರಡು ಬಟ್ಟೆಗಳನ್ನು ಒಟ್ಟಿಗೆ ನೆನೆಸಿದಾಗ ಒಂದು ಬಣ್ಣ ಬಿಟ್ಟು ಇನ್ನೊಂದಕ್ಕೆ ಹತ್ತುವುದನ್ನು ನೋಡಿದವರಿಗೆ ಇದರ ಅರ್ಥ ತಾನಾಗಿಯೇ ಹೊಳೆಯುತ್ತದೆ.

ಬಣ್ಣ ಹತ್ತುವುದನ್ನು ಪೂರ್ತಿಯಾಗಿ ತಡೆಯಲಾಗದು, ಹತೋಟಿಯಲ್ಲಿಡಬಹುದು. ಅದಕ್ಕಾಗಿ ಆಟಗಾರರು ಹಲವು ಉಪಾಯಗಳನ್ನು ರೂಢಿಸಿದ್ದಾರೆ. ಆಟಕ್ಕೆ ಮುಂಚೆ ಕೂಡಿ ಕುಳಿತು, ಯಾರಿಗೆ ಎಷ್ಟು ಸಲಿಗೆ ಒಪ್ಪಿಗೆಯೆಂಬುದನ್ನು ಬಾಯಿಬಿಟ್ಟು ಹೇಳಿಕೊಳ್ಳುತ್ತಾರೆ. ೨೦೦೩ರಲ್ಲಿ ಸ್ವೀಡನ್ನಿನಲ್ಲಿ ನಡೆದ ಒಂದು ಆಟಕ್ಕಾಗಿ, ಮುಖ್ಯವಾಗಿ ಕೈ ತೋಳುಗಳ ಸ್ಪರ್ಶದಿಂದಲೇ ಪ್ರಣಯವೆಲ್ಲವನ್ನೂ ಸೂಚಿಸುವ ಕ್ರಮವೊಂದನ್ನು ರಚಿಸಲಾಯಿತು. ಭರತನಾಟ್ಯದ ಹಸ್ತಗಳನ್ನು ಬಲ್ಲವರಿಗೆ ಸಂಕೇತದ ಈ ಶಕ್ತಿ ಹೊಸದಲ್ಲ. ‘ಬ್ರೇಕ್’ ಎಂದರೆ ಎದುರಿನವರು ವೇಗವನ್ನು ತಗ್ಗಿಸಬೇಕು. ‘ಕಟ್’ ಎಂದರೆ ಆ ಕ್ಷಣವೇ ಆಟ ನಿಲ್ಲಬೇಕು. ಏಕೆಂದು ಯಾರೂ ಕೇಳುವಂತಿಲ್ಲ. ಆಟ ಮುಗಿದ ಮೇಲೆ ಎಲ್ಲರೂ ಮತ್ತೆ ಕೂಡಿ, ತಮ್ಮ ನಿಜವಾದ ಹೆಸರುಗಳಿಂದ ಒಬ್ಬರನ್ನೊಬ್ಬರು ಕರೆದು, ಆದುದನ್ನು ಮಾತನಾಡುತ್ತಾರೆ. ಕೈ ತೆಗೆದ ಮೇಲೂ ನಡುಗುವ ಗಂಟೆಯನ್ನು ನೆನೆಯಿರಿ. ಅದನ್ನು ಬಡಿದು ನಿಲ್ಲಿಸುವುದಕ್ಕಿಂತ ತಾನಾಗಿ ಕುಗ್ಗಲು ಅವಕಾಶ ಕೊಡುವುದು ಮೇಲು. ಈ ಕೂಟಗಳ ಉದ್ದೇಶವೂ ಅದೇ.

ಈ ನಿಯಮಗಳನ್ನು ಓದಿದಾಗ ನಮ್ಮ ಗಮನ ಮತ್ತೆ ಹಳೆಯ ಬಂಗಲೆಯ ಕಡೆಗೆ ತಿರುಗುತ್ತದೆ. ಆಟದ ಸೇವಕಿಗೂ ನಿಜವಾದ ಸೇವಕಿಗೂ ಇರುವ ಅಂತರ ಉಡುಪಿನಲ್ಲಿಲ್ಲ, ದುಡಿಮೆಯಲ್ಲಿಯೂ ಅಷ್ಟಾಗಿಲ್ಲ. ಆಟದವಳಿಗೆ ‘ಕಟ್’ ಎಂಬ ಒಂದು ಮಾತಿದೆ, ನಿಜವಾದವಳಿಗೆ ಅದಿರಲಿಲ್ಲ. ಒಡೆಯನ ಮಗನು ಅಡ್ಡಗಟ್ಟಿದರೆ ‘ಸಾಕು’ ಎಂದು ಹೇಳುವ ಧೈರ್ಯ ಅವಳಿಗೆ ಎಲ್ಲಿಂದ ಬರಬೇಕು? ಬಸಿರಾದರೆ ಅವಳನ್ನೇ ಹೊರಗಟ್ಟುತ್ತಿದ್ದರು. ಹೊರಡುವಾಗ ಸನ್ನಡತೆಯ ಪತ್ರ ಕೊಡದಿದ್ದರೆ ಮತ್ತೊಂದು ಒಳ್ಳೆಯ ಮನೆಯಲ್ಲಿ ಕೆಲಸ ಸಿಗುವುದೇ ಕಷ್ಟ. ಸಹಸೇವಕನನ್ನು ಮನಸಾರ ಒಲಿದವಳಿಗೂ ಸಾಮಾನ್ಯವಾಗಿ ಎರಡೇ ದಾರಿ: ಒಲವನ್ನು ಬಿಡುವುದು, ಇಲ್ಲವೆ ಕೆಲಸವನ್ನು ಬಿಡುವುದು. ನೂರು ವರ್ಷಗಳ ಮೇಲೆ ಅವಳ ಬಾಳನ್ನು ನಾಲ್ಕು ದಿನದ ಆಟವನ್ನಾಗಿ ಸವಿಯುವವರು ಇದನ್ನು ಮರೆತರೆ ಆಟವೂ ಹಗುರವಾದೀತು, ಚರಿತ್ರೆಯೂ ಹಗುರವಾದೀತು. ಮರೆಯದೆ ಆಡಿದರೆ, ಹೊರಬಾಗಿಲು ತೆರೆದಿರುವುದೆಂದರೆ ಏನೆಂಬುದು ಅವರಿಗೆ ಪುಸ್ತಕದಿಂದ ತಿಳಿಯುವುದಕ್ಕಿಂತ ಚೆನ್ನಾಗಿ ತಿಳಿಯುತ್ತದೆ.

ಪೋಲೆಂಡಿನ ಅರಮನೆ ನಮ್ಮ ವಿದ್ಯಾರ್ಥಿಗಳಿಗೆ ಬಹು ದೂರ. ಆದರೆ ಇಂಥ ಆವರಣಗಳು ದೂರವಲ್ಲ. ಕಾಲೇಜಿನ ನಾಟಕದ ಒಂದು ತಿಂಗಳ ಅಭ್ಯಾಸ, ರಾತ್ರಿಯಿಡೀ ಸಾಗುವ ಪ್ರವಾಸದ ಬಸ್ಸು, ಎನ್.ಸಿ.ಸಿ. ಶಿಬಿರ, ಪರೀಕ್ಷೆಯ ಮುಂಚಿನ ವಾಚನಾಲಯ, ಇವೆಲ್ಲವೂ ಚಿಕ್ಕ ಚಿಕ್ಕ ಬಂಗಲೆಗಳೇ. ಅಲ್ಲಿಯೂ ಸಾಮೀಪ್ಯವಿದೆ, ಕಟ್ಟಳೆಯಿದೆ, ಭಯವಿದೆ, ನೋಟವಿದೆ. ಅಲ್ಲಿ ಚಿಗುರಿದ ಭಾವವನ್ನು ಹುಚ್ಚೆಂದು ಹೀಯಾಳಿಸುವುದು ಅವೈಜ್ಞಾನಿಕ. ಅದೇ ಬಾಳಿನ ತೀರ್ಪೆಂದು ನಂಬುವುದೂ ಅಷ್ಟೇ ಅವೈಜ್ಞಾನಿಕ.

ಪ್ರಯೋಗಶಾಲೆಯಲ್ಲಿ ನಾವು ಏನು ಮಾಡುತ್ತೇವೆ? ಒಂದು ಅಂಶವನ್ನು ಬದಲಾಯಿಸಿ, ಮತ್ತೆ ಅಳೆಯುತ್ತೇವೆ. ಶಿಬಿರ ಮುಗಿಯಲಿ, ನಾಟಕದ ಬಣ್ಣ ತೊಳೆದುಹೋಗಲಿ, ಎದೆಬಡಿತ ಮೊದಲಿನ ಮಟ್ಟಕ್ಕೆ ಇಳಿಯಲಿ. ಸಾಧಾರಣವಾದ ಒಂದು ದಿನದ ಸಾಧಾರಣವಾದ ಬೆಳಕಿನಲ್ಲಿ, ಇಬ್ಬರಿಗೂ ಬೇಡವೆನ್ನುವ ಸ್ವಾತಂತ್ರ್ಯವಿರುವಾಗ, ಆ ಭಾವ ಇನ್ನೂ ಇದೆಯೇ ಎಂದು ನೋಡಬೇಕು. ಇದ್ದರೆ, ಅದರಲ್ಲಿ ಸನ್ನಿವೇಶದ ಪಾಲು ಕಳೆದ ಮೇಲೂ ವ್ಯಕ್ತಿಯ ಪಾಲು ಉಳಿದಿದೆಯೆಂದು ತಿಳಿಯಬಹುದು. ಇಲ್ಲದಿದ್ದರೆ ದುಃಖಪಡಬೇಕಾದುದಿಲ್ಲ, ಗಂಟೆ ಬಾರಿಸಿದ್ದು ನಿಜ, ಅದರ ನಡುಕ ಈಗ ನಿಂತಿದೆ, ಅಷ್ಟೆ.